ಎರಡೂ ಕೈ ಒಡ್ಡಿದ ರೊಟ್ಟಿ

ಗೋಧಿಹಿಟ್ಟು ಅಂಬುಬಾಯಿಯ ಮಾತು ಕೇಳಲು ಒಂದು ವರ್ಷವೇ ಹಿಡಿಯಿತು. ದುಬಲಗುಂಡಿಯ ಒಲೆಯ ಮುಂದೆ ಜೋಳದ ರೊಟ್ಟಿ ಬಡಿದು ಬೆಳೆದ ಕೈ ಅವಳದು; ಲಟ್ಟಣಿಗೆ ಕಂಡರೆ ಮುನಿಸು. ಈಗ ಹುಮನಾಬಾದಿನ ಹೆದ್ದಾರಿ ಪಕ್ಕದ ಸಣ್ಣ ಗುರುದ್ವಾರದಲ್ಲಿ ಭಾನುವಾರ ಬಂತೆಂದರೆ ಅವಳದೇ ರೊಟ್ಟಿ. ಅಲ್ಲಿ ಅದಕ್ಕೆ ‘ಪರ್ಶಾದಾ’ ಎನ್ನುತ್ತಾರೆ. ನಾಂದೇಡ, ಬೀದರಿನ ಯಾತ್ರಿಕರು, ಲಾರಿಯವರು, ಮಂಡಿಯ ಹಮಾಲರು, ಯಾರೇ ಬರಲಿ, ತಲೆಗೆ ವಸ್ತ್ರ ಹೊದ್ದು ಚಾಪೆಯ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅದು ಲಂಗರ್.

ಮೊದಲ ದಿನ ಅಂಬುಬಾಯಿ ಆ ಸಾಲಿನಿಂದ ಉಣ್ಣದೆ ಎದ್ದಿದ್ದಳು.

ಮಂಡಿಯಲ್ಲಿ ಜೊತೆಗೆ ತೊಗರಿ ಹಸನು ಮಾಡುವ ಕುಲ್ಸುಮ್ ಬೀ ಕರೆದುಕೊಂಡು ಹೋಗಿದ್ದಳು. ತಟ್ಟೆಗೆ ದಾಲ್ ಬಿತ್ತು, ಖೀರು ಬಿತ್ತು. ಆದರೆ ಬುಟ್ಟಿ ಹಿಡಿದು ಬಂದ ಬಾಬಾಜಿ, ಅಲ್ಲಿ ಗ್ರಂಥ ಓದುವ ಹಿರಿಯರು, ರೊಟ್ಟಿಯನ್ನು ತಟ್ಟೆಗೆ ಹಾಕಲಿಲ್ಲ. ಎರಡೂ ಕೈ ಒಡ್ಡುವಂತೆ ಸನ್ನೆ ಮಾಡಿ ಮೇಲಿನಿಂದ ಬಿಟ್ಟರು. ಬೆರಳಿಗೆ ಬೆರಳು ತಾಗಲಿಲ್ಲ.

ಹಾಗೆ ಬೀಳುವ ರೊಟ್ಟಿಯ ಗುರುತು ಅವಳಿಗಿತ್ತು. ಮಂಡಿಯಲ್ಲಿ ಕೆಲಸವಿಲ್ಲದ ದಿನ ಊರಿನಲ್ಲಿ ರುಕ್ಮಿಣಿಬಾಯಿಯ ಹೊಲಕ್ಕೆ ಕೂಲಿಗೆ ಹೋದಾಗ ಮಧ್ಯಾಹ್ನದ ರೊಟ್ಟಿ ಹೀಗೆಯೇ ಎತ್ತರದಿಂದ ಸೆರಗಿಗೆ ಬೀಳುತ್ತಿತ್ತು. ಮುಟ್ಟಬಾರದವರಿಗೆ ಕೊಡುವ ರೀತಿ ಅದು.

ಏಳುತ್ತಿದ್ದವಳ ಸೆರಗನ್ನು ಕುಲ್ಸುಮ್ ಬೀ ಜಗ್ಗಿದಳು.

“ಎಲ್ಲಿಗಿ ಹೊಂಟಿ?”

“ಮ್ಯಾಲಿಂದ ಹಾಕಿದ್ದು ನೋಡ್ಲಿಲ್ಲೇನು? ನನ್ನ ಜಾತಿ ಇವರಿಗಿ ಯಾರ್ ಹೇಳ್ಯಾರ?”

“ಹುಚ್ಚಿ! ಬಾಜೂಕ ನೋಡು.”

ಪಕ್ಕದಲ್ಲಿ ದಪ್ಪ ಮೀಸೆಯ ಲಾರಿ ಮಾಲೀಕನೊಬ್ಬ ಎರಡೂ ಅಂಗೈ ಬಿಡಿಸಿ ಮಗುವಿನಂತೆ ಕಾಯುತ್ತಿದ್ದ. ಅವನ ಕೈಗೂ ರೊಟ್ಟಿ ಮೇಲಿನಿಂದಲೇ ಬಿತ್ತು. ಅವನು ಅದನ್ನು ಹಣೆಗೆ ಒತ್ತಿಕೊಂಡ.

“ಗುರು ಕೊಟ್ಟದ್ದಂತ ತಿಳದು ಎಲ್ಲಾರೂ ಹಿಂಗ ಇಸ್ಕೋತಾರ. ಸೇಠಜೀನೂ ಅಷ್ಟ, ನೀನೂ ಅಷ್ಟ. ಕೂಡು, ದಾಲ್ ಆರಾಕತ್ತದ.”

ಅಂಬುಬಾಯಿ ಕೂತಳು. ಆ ದಿನ ಎಷ್ಟು ಉಂಡಳೆಂದು ಕುಲ್ಸುಮ್ ಬೀ ಇಂದಿಗೂ ಚೇಷ್ಟೆ ಮಾಡುತ್ತಾಳೆ.

ಹೋದ ಕಾರ್ತಿಕ ಹುಣ್ಣಿಮೆ, ಗುರು ನಾನಕರ ಜಯಂತಿ. ಬುಟ್ಟಿ ಹಿಡಿದು ಸಾಲಿನ ಉದ್ದಕ್ಕೂ ಬಡಿಸುತ್ತಿದ್ದ ಅಂಬುಬಾಯಿ ಥಟ್ಟನೆ ನಿಂತಳು. ಸಾಲಿನ ಕೊನೆಯಲ್ಲಿ ರುಕ್ಮಿಣಿಬಾಯಿ! ಮಾಣಿಕನಗರದ ಗುಡಿಯಿಂದ ಮರಳುವಾಗ ಭಜನೆಯ ಹೆಂಗಸರೊಂದಿಗೆ ಬಂದಿದ್ದರು. ತನ್ನ ಕೈಯ ರೊಟ್ಟಿ ಅವರು ಉಂಡಾರೇ? ಬೇಡವೆಂದು ಎದ್ದು ಹೋದರೆ ಇಷ್ಟು ಜನರ ಮುಂದೆ ತನ್ನ ಮುಖ ಎಲ್ಲಿಡುವುದು? ನಾಳೆ ಅವರದೇ ಕಡಲೆ ಹೊಲದಲ್ಲಿ ಕೂಲಿ ಬೇರೆ. ಬುಟ್ಟಿಯನ್ನು ಬಾಬಾಜಿಗೆ ಕೊಟ್ಟು ಒಲೆಯ ಬಳಿ ಸೇರಿಬಿಡಬಹುದಿತ್ತು. ಕೈ ಬುಟ್ಟಿಯನ್ನು ಬಿಡಲಿಲ್ಲ.

“ಪರ್ಶಾದಾ, ಅವ್ವಾರ. ಎರಡೂ ಕೈ ಹಿಡೀರಿ.”

ರುಕ್ಮಿಣಿಬಾಯಿ ತಲೆಯೆತ್ತಿದರು. ಮೇಲೆ ತೂಗುತ್ತಿದ್ದ ರೊಟ್ಟಿಯನ್ನೂ ಅದನ್ನು ಹಿಡಿದ ಕೈಯನ್ನೂ ನೋಡಿದರು. ಮುಖ ಬಾಡಿತು.

“ಅಂಬೀ, ಸೇಡು ತೀರಿಸ್ಕೊಳ್ಳಾಕತ್ತಿಯೇನು?”

ಅಂಬುಬಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತಾನು ಮೊದಲ ದಿನ ಮಾಡಿದ ತಪ್ಪನ್ನೇ ಇವರೂ ಮಾಡುತ್ತಿದ್ದಾರಲ್ಲ!

“ಇಲ್ರೀ ಅವ್ವಾರ! ನಾನೂ ಹಿಂಗ ತಿಳದು ಎದ್ದು ಹೊಂಟಿದ್ದೆ. ಇಲ್ಲಿ ಎಲ್ಲಾರಿಗೂ ಹಿಂಗ. ಬಾಜೂಕ ನೋಡ್ರಿ.”

ರುಕ್ಮಿಣಿಬಾಯಿ ಪಕ್ಕಕ್ಕೆ ನೋಡಿದರು. ಸಾಲಿನ ತುಂಬ ತೆರೆದ ಅಂಗೈಗಳು. ತುಸು ಹೊತ್ತು ಅವರ ಕೈಗಳು ಮಡಿಲಿನಲ್ಲೇ ಇದ್ದವು. ಆಮೇಲೆ ಬಳೆ ಸದ್ದಾಗದಂತೆ ಮೆಲ್ಲಗೆ ಮೇಲೆ ಬಂದವು. ರೊಟ್ಟಿ ಬಿತ್ತು. ಅವರು ಮುರಿದು ಉಂಡರು. ಇನ್ನೊಂದು ಬೇಕೆಂದು ಕೈ ಒಡ್ಡಿದರು ಕೂಡ.

“ಗೋಧಿದು ಮೆತ್ತಗ ಮಾಡೀದಿ,” ಎಂದರು, ಮೇಲೆ ನೋಡದೆ.

ಮರುದಿನ ಹೊಲದಲ್ಲಿ ಊಟದ ಹೊತ್ತು. ರುಕ್ಮಿಣಿಬಾಯಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯನ್ನು ಎಂದಿನಂತೆ ಎತ್ತಿ ಹಿಡಿದರು. ಕೈ ಹಾಗೇ ನಿಂತುಹೋಯಿತು. ಅಂಬುಬಾಯಿ ಸೆರಗು ಒಡ್ಡಿರಲಿಲ್ಲ. ಎರಡೂ ಅಂಗೈ ಒಡ್ಡಿದ್ದಳು. ರುಕ್ಮಿಣಿಬಾಯಿ ಬಾಗಿದರು, ಇನ್ನೂ ಬಾಗಿದರು.

“ಸೊಂಟ ಹಿಡದೀತು, ಕೂಡ್ರಿ ಅವ್ವಾರ,” ಎಂದಳು ಅಂಬುಬಾಯಿ.

“ನಿಂಗ ಬಾಳ ಮಾತ ಬಂದಾವ,” ಎಂದು ಗೊಣಗುತ್ತ ಅವರು ಬದುವಿನ ಮೇಲೆ ಅವಳ ಪಕ್ಕದಲ್ಲೇ ಕೂತರು. ರೊಟ್ಟಿಯನ್ನು ಅವಳ ಅಂಗೈಯಲ್ಲಿ ಇಟ್ಟು, ಕಾರದ ಚಟ್ನಿಯನ್ನು ಇಬ್ಬರ ನಡುವೆ ಸರಿಸಿದರು.