ಕರಾರಿನ ಕೈದಿ

ಎರಡು ದೇಶಗಳ ಸೈನ್ಯಗಳು ಸ್ನೇಹಕ್ಕಾಗಿ ಕೂಡಿ ಕವಾಯತು ಮಾಡಿದವು ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಸ್ನೇಹಕ್ಕೆ ಸಿಕ್ಕಿಬಿದ್ದವನು ನಾನು.

ನಾನಾಗ ಜಮಖಂಡಿ ಸೀಮೆಯ ಒಂದು ಸಣ್ಣ ಸಂಸ್ಥಾನದ ಸಿಪಾಯಿ. ಮುಧೋಳದ ಕಡೆ ಇನ್ನೊಂದು ಸಣ್ಣ ಸಂಸ್ಥಾನ. ಬೇಟೆಯ ಜಗಳದಲ್ಲಿ ಎರಡು ದರಬಾರಗಳಿಗೂ ಮಾತು ಬಿಟ್ಟುಹೋಗಿತ್ತು. ಅದನ್ನು ಸರಿಪಡಿಸಲು ದಿವಾನರು ಸೈನ್ಯದ ಕರಾರು ಮಾಡಿದರು: ನಮ್ಮ ಮೇಲೆ ಯಾರಾದರೂ ಏರಿ ಬಂದರೆ ಅವರು ಓಡಿ ಬರಬೇಕು, ಅವರ ಮೇಲೆ ಬಂದರೆ ನಾವು. ಬೀಳಗಿ ಕಡೆ ಇಂಗ್ಲಿಷರಿದ್ದರು, ಆದರೆ ಅವರು ಏರಿ ಬರುವುದೇನು, ಆಗಲೇ ತಲೆಯ ಮೇಲೆ ಕೂತಿದ್ದರು. ಉಳಿದವರು ನಾವಿಬ್ಬರೇ. ಕರಾರು ಗಟ್ಟಿಯಾಗಲೆಂದು ಒಂದು ಸುಳ್ಳು ಯುದ್ಧ ಗೊತ್ತುಮಾಡಿದರು.

ಅದೇ ಹೊತ್ತಿಗೆ ನನ್ನ ಲಗ್ನದ ಮಾತೂ ನಡೆದಿತ್ತು. ಹುಡುಗಿ ಆಚೆ ಸಂಸ್ಥಾನದ ಹವಾಲ್ದಾರರ ಒಬ್ಬಳೇ ಮಗಳು. ಮನೆಯಳಿಯನಾಗಿ ಬಂದರೆ ಮಾತ್ರ ಕೊಡುತ್ತೇನೆಂದು ಅವರು. ನಮ್ಮವ್ವ ಬನಹಟ್ಟಿಯ ನೇಕಾರರಿಗೆ ನೂಲು ಸುತ್ತಿಕೊಟ್ಟು ಒಬ್ಬಳೇ ನನ್ನನ್ನು ಸಾಕಿದವಳು. ಮಗ ಮಾವನ ಮನೆಯ ಕೂಳಿಗೆ ಬಿದ್ದನೆಂದು ಊರು ಆಡಿಕೊಳ್ಳುವುದನ್ನು ತಾನು ಬದುಕಿರುವ ತನಕ ಕೇಳುವುದಿಲ್ಲವೆಂದಳು. ನನಗೆ ಹುಡುಗಿಯೂ ಬೇಕಿತ್ತು, ಅವ್ವನೂ ಬೇಕಿತ್ತು.

ಯುದ್ಧದ ದಿನ ನಾವು ಹಿಡಿಯಬೇಕಾದ ಗುಡ್ಡದ ಮೇಲೆ ನಿಶಾನೆ ಕಾಯುತ್ತಿದ್ದವರು ಅದೇ ಹವಾಲ್ದಾರರು. ನಾನು ಕೂಗುತ್ತಾ ಏರಿದೆ. ತುದಿ ಮುಟ್ಟಿದರೆ ಎದುರಿಗೆ ಹಿರಿಯ ಮನುಷ್ಯ, ನಾಳೆ ಮಾವನಾಗಬಹುದಾದವರು. ಏನು ಮಾಡಲಿ? ಬಂದೂಕು ಕೆಳಗಿಟ್ಟೆ, ಬೂಟು ಬಿಚ್ಚಿದೆ, ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರೂ ಮೈಮರೆತು ತಲೆಯ ಮೇಲೆ ಕೈಯಿಟ್ಟು ಹರಸಿದರು. ಸೋಲು ಗೆಲುವು ಹೇಳಲು ಕರೆಸಿದ್ದ ಇಂಗ್ಲಿಷ್ ಸಾಹೇಬ ದುರ್ಬೀನಿನಲ್ಲಿ ನೋಡಿ, ನಾನು ಶರಣಾದೆನೆಂದು ತೀರ್ಪು ಕೊಟ್ಟ.

ಕರಾರಿನ ಪ್ರಕಾರ ಕೈದಿಯನ್ನು ಹಿಡಿದವನೇ ಮನೆಯಲ್ಲಿಟ್ಟುಕೊಂಡು ಊಟ ಹಾಕಬೇಕು, ಕೈದಿಯ ದರಬಾರ ಕೇಳಿದಾಗ ಬಿಡಬೇಕು. ಕೇಳಿದರೆ ಸೋಲೊಪ್ಪಿದಂತೆ ಎಂದು ನಮ್ಮ ದರಬಾರ ಬಿಗಿದುಕೊಂಡು ಕೂತಿತು. ಕೇಳದೆ ಬಿಟ್ಟರೆ ಕರಾರು ಮುರಿದಂತೆ ಎಂದು ಆಚೆಯ ದರಬಾರ. ನಾನಾಗಿಯೇ ಓಡಿಹೋದರೆ ಇಬ್ಬರೂ ಕೂಡಿ ಹಿಡಿಯುತ್ತಿದ್ದರು, ಕರಾರೇ ಹಾಗಿತ್ತು. ಹುಡುಗಿ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುತ್ತಿದ್ದಳು. ಕೈದಿಯಾದವನು ಎದುರಾಡಬಾರದೆಂದು ನಾನು ಹ್ಞೂಂ ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅವ್ವ ಬಂದಳು. ನಮ್ಮ ದರಬಾರದ ಬಾಗಿಲಲ್ಲಿ ಕೂತು ಕೂತು ಸೋತು ಬಂದಿದ್ದಳು. ಮಗನನ್ನು ಕಳಿಸಿಕೊಡಿ ಎಂದು ಕೈಮುಗಿದಾಗ ಹವಾಲ್ದಾರರಿಗೆ ಮುಖ ಎತ್ತಲಾಗಲಿಲ್ಲ.

"ನಿಮ್ಮ ದರಬಾರದಿಂದ ಮಾತು ಬರಬೇಕ್ರೀ ಅಕ್ಕಾರ. ನಾ ಬಿಟ್ರ ಎರಡೂ ಸಂಸ್ಥಾನದ ದೋಸ್ತಿ ಕೆಡತೈತಿ."

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ದಪ್ಪಗಾಗಿದ್ದೆ. ನಾಚಿಕೆಯಿಂದ ಸತ್ತೇ ಹೋದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು.

"ಹಂಗಾರ ನನ್ನೂ ಸೆರಿ ಹಿಡೀರಿ. ನನ್ನ ಮಗ ಮನಿ ಅಳಿಯ ಅಲ್ಲ, ಕೈದಿ. ನಾನೂ ಕೈದಿ. ಇನ್ನ ಲಗ್ನದ ಮಾತು ತಗೀರಿ."

ಲಗ್ನವಾಯಿತು. ಅವ್ವ ಕಡೆಯವರೆಗೂ ಆ ಮನೆಯಲ್ಲೇ ಇದ್ದಳು. ಬೀಗರ ಮನೆಯಲ್ಲಿ ಇನ್ನೆಷ್ಟು ದಿನ ಎಂದು ಯಾರಾದರೂ ಕೆಣಕಿದರೆ, ನಮ್ಮ ದರಬಾರ ಕರೆಯುವ ತನಕ ಅನ್ನುತ್ತಿದ್ದಳು. ದರಬಾರಗಳೇ ಇಲ್ಲವಾದ ಮೇಲೂ ಹಾಗೇ ಅನ್ನುತ್ತಿದ್ದಳು.