ಪಟ್ಟಿಯಲ್ಲಿ ಸತ್ತವಳು

ಇವತ್ತು ಬೆಳಿಗ್ಗೆ ಶಾಲೆಯ ಗೇಟು ದಾಟುವಾಗಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಚುನಾವಣೆ ಹತ್ತಿರ ಬಂತಲ್ಲ, ಮತಗಟ್ಟೆಯ ಕೋಣೆಗೆ ಬಳಿಯುತ್ತಿದ್ದರು. ಕಾಲು ಅಲ್ಲೇ ನಿಂತಿತು. ವರ್ಷಗಳ ಹಿಂದೆ ಸಂಶಿಯ ಆಚೆ ಒಂದು ಹೊಲದಲ್ಲಿ ಇದೇ ವಾಸನೆ...

ಆಗ ನಾನು ಈ ಊರಿಗೆ ಹೊಸಬ. ಸಮಾಜ ವಿಜ್ಞಾನದ ಪಾಠದ ಜೊತೆಗೆ ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುವ ಕೆಲಸವೂ ತಲೆಗೆ ಬಿದ್ದಿತ್ತು. ಒಂಟಿ ಮುದುಕಿಯೊಬ್ಬಳ ಮನೆಗೆ ಮೂರು ಸಲ ಹೋದೆ, ಮೂರು ಸಲವೂ ಬೀಗ. ತಿರುಗಿ ಬರುವಾಗ ದಾರಿ ಪಕ್ಕದ ಹೊಲದಲ್ಲಿ ಎರಡು ಸಮಾಧಿ ಕಂಡವು. ಒಂದು ಹಳೆಯದು. ಇನ್ನೊಂದಕ್ಕೆ ಆಗಷ್ಟೇ ಸುಣ್ಣ ಬಳಿದಿತ್ತು, ಕಲ್ಲಿನ ಮೇಲೆ ಅದೇ ಮುದುಕಿಯ ಹೆಸರಿತ್ತು. ಹೆಸರಿನ ಕೆಳಗೆ ತಾರೀಖು ಇರಲಿಲ್ಲ. ಕೆತ್ತುವವನು ಮರೆತಿರಬೇಕು ಅಂದುಕೊಂಡೆ. ಬಿಸಿಲಿಗೆ ತಲೆ ಸುಡುತ್ತಿತ್ತು, ಬಾಜೂ ಮನೆಯವರನ್ನು ಒಂದು ಮಾತೂ ಕೇಳಲಿಲ್ಲ. ‘ಮೃತ’ ಎಂದು ಬರೆದು ಬಸ್ಸು ಹತ್ತಿದೆ.

ಮತದಾನದ ದಿನ ಅವಳು ಸಾಲಿನಲ್ಲಿ ಬಂದು ನಿಂತಳು.

ಅಧಿಕಾರಿ ಪಟ್ಟಿ ನೋಡಿದರು, ಅವಳ ಮುಖ ನೋಡಿದರು. “ನೀವು ತೀರಿಕೊಂಡೀರಿ ಅಂತ ಹೆಸರು ತಗದಾರವ್ವ” ಅಂದರು. ಸಾಲಿನಲ್ಲಿದ್ದವರು ನಕ್ಕರು. ಆಮೇಲೆ ನಗು ನಿಂತಿತು, ಹಿಂದಿದ್ದ ಹೆಂಗಸು ಕೂಸನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮುದುಕಿ ಶಾಯಿಗೆ ಚಾಚಿದ್ದ ಬೆರಳನ್ನು ಹಾಗೇ ಹಿಡಿದು, “ನಾ ಸತ್ತದ್ದು ನನಗ್ಯಾರೂ ಹೇಳಿಲ್ಲಲ್ರೀ” ಅಂದಳು. ಬಾಗಿಲಲ್ಲಿ ಚೀಟಿ ಕೊಡುತ್ತ ಕೂತಿದ್ದ ನಾನು ಮುಂದಿನವರ ಚೀಟಿ ಹುಡುಕತೊಡಗಿದೆ.

ಆಮೇಲೆ ಗೊತ್ತಾಯಿತು. ಮೊಮ್ಮಗಳ ಬಾಣಂತನಕ್ಕೆ ಕಲಘಟಗಿಗೆ ಹೋಗಿದ್ದಳಂತೆ. ಗಂಡನ ಪಕ್ಕದಲ್ಲಿ ತನ್ನ ಸಮಾಧಿಯನ್ನು ತಾನೇ ಕಟ್ಟಿಸಿದ್ದಳು, ಹೋಗುವ ಮುಂಚೆ ತಾನೇ ಸುಣ್ಣ ಬಳಿದಿದ್ದಳು.

ಹೆಸರು ಮತ್ತೆ ಸೇರಿಸಲು ಅರ್ಜಿ ತುಂಬಿಕೊಟ್ಟೆ. ‘ಮೃತ’ ಎಂದು ಬರೆದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಊರಲ್ಲಿ ಹುಡುಗರು ಅವಳನ್ನು ಕಂಡರೆ ಓಡತೊಡಗಿದರು. ಅವಳೂ ಹೆಸರು ಹಿಡಿದು ಕರೆದರೆ ಓಗೊಡುವುದನ್ನು ಬಿಟ್ಟಳು. “ಸತ್ತಾಕಿ ಹೆಂಗ ಓ ಅನ್ನಲಿ?” ಎಂದು ಕೇಳುತ್ತಿದ್ದಳು. ತಮಾಷೆ ಎಂದೇ ತಿಳಿದಿದ್ದೆ. ಒಂದು ಮಧ್ಯಾಹ್ನ ಹೊಲದ ದಾರಿಯಲ್ಲಿ ಬರುತ್ತಿದ್ದೆ, ಅವಳು ಆ ಬಿಳಿ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಸುತ್ತ ಒಬ್ಬರೂ ಇರಲಿಲ್ಲ. “ಬರ್ತೇನಿ, ತಡೀರಿ. ಪಟ್ಟಿಯೊಳಗ ಹೆಸರು ಬರಲಿ” ಎಂದು ಹಳೆಯ ಸಮಾಧಿಯ ಕಡೆ ನೋಡುತ್ತ ಹೇಳಿದಳು. ನಾನು ಸದ್ದಿಲ್ಲದೆ ಹಿಂದಕ್ಕೆ ಬಂದೆ. ಹೆದರಿದ್ದೆ, ಅದರಲ್ಲಿ ಮುಚ್ಚಿಡುವುದೇನು?

ಅರ್ಜಿ ಏನಾಯಿತೆಂದು ಕೇಳಲು ಬಂದಾಗಲೆಲ್ಲ ತರಗತಿಯ ಕಿಟಕಿಯ ಕೆಳಗೆ ಕೂತಿರುತ್ತಿದ್ದಳು. ಒಂದು ದಿನ ಒಳಗೆ ನಾನು ಎರಡನೇ ಮಹಾಯುದ್ಧದ ನಂತರ ಯುರೋಪಿನ ದೇಶಗಳು ಸೇರಿ ಕಟ್ಟಿಕೊಂಡ ಮಂಡಳಿಯ ಪಾಠ ಮಾಡುತ್ತಿದ್ದೆ. ಅದರ ಕೋರ್ಟಿಗೆ ಸಾಮಾನ್ಯ ಮನುಷ್ಯನೂ ತನ್ನ ದೇಶದ ಮೇಲೆಯೇ ದೂರು ಒಯ್ಯಬಹುದು, ಮೊದಲು ತನ್ನ ನಾಡಿನ ಕೋರ್ಟುಗಳನ್ನೆಲ್ಲ ಹತ್ತಿಳಿದಿರಬೇಕು ಅಷ್ಟೇ. ಚುನಾವಣೆ ಸರಿಯಾಗಿ ನಡೆಯಿತೇ ಎಂದು ನೋಡಲು ಅವರ ಮಂದಿ ಹೋಗುತ್ತಾರೆ. ಹೀಗೆಲ್ಲ ಗತ್ತಿನಿಂದ ಹೇಳಿ ಹೊರಗೆ ಬಂದೆ.

“ಮಾಸ್ತರ, ಆ ಕೋರ್ಟಿಗೆ ಸತ್ತವರೂ ಹೋಗಬಹುದೇನ್ರಿ?”

“ನಮ್ಮ ದೇಶ ಅದರಾಗ ಇಲ್ಲವ್ವ.”

“ಇರಲಿ ಬಿಡ್ರಿ. ಹೋದವರಿಗೆ ಮೊದಲ ಏನು ಕೇಳ್ತಾರ?”

“ಅನ್ಯಾಯ ಯಾರು ಮಾಡಿದರು ಅಂತ ಕೇಳ್ತಾರ” ಅಂದೆ.

“ಅದ ನನಗ ಗೊತ್ತಿಲ್ಲಲ್ರಿ...” ಎಂದು ನನ್ನ ಮುಖವನ್ನೇ ನೋಡಿದಳು. ನಾನು ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿದೆ.

ಹೊಸ ಪಟ್ಟಿ ಬರುವುದಕ್ಕೆ ಎಂಟು ದಿನ ಮೊದಲು ಅವಳು ತೀರಿಕೊಂಡಳು. ಪಟ್ಟಿಯಲ್ಲಿ ಹೆಸರು ಬಂದಿತ್ತು, ಫೋಟೋ ಸಮೇತ. ತೆಗೆಯುವುದು ನನ್ನ ಕೆಲಸ. ಆ ಹೆಸರಿನಲ್ಲಿ ಬೇರೆ ಯಾರಾದರೂ ಮತ ಹಾಕಬಹುದು ಎಂಬುದೂ ಗೊತ್ತಿತ್ತು. ಆದರೂ ಅದೇ ಕೈಯಿಂದ ಇನ್ನೊಮ್ಮೆ ಬರೆಯಲು ಆಗಲಿಲ್ಲ, ವರ್ಷಗಟ್ಟಲೆ ಹಾಗೇ ಬಿಟ್ಟೆ.

ಇವತ್ತು ಪಟ್ಟಿ ತಪಾಸಣೆಗೆ ಕುಂದಗೋಳದಿಂದ ಬಂದ ಸಾಹೇಬರು ಆ ಹೆಸರಿನ ಮೇಲೆ ಬೆರಳಿಟ್ಟರು. “ಈ ಅಜ್ಜಿ ಇದ್ದಾರೇನ್ರಿ?”

“ಇಲ್ರಿ.”

“ಹಿಂದಕ ಬದುಕಿದ್ದಾಗ ಸತ್ತಾರಂತ ತಗದಿದ್ರಂತಲ್ಲ. ಯಾರ್ರಿ ಹಂಗ ಬರದವರು?”

“ನಾನ ರೀ” ಅಂದೆ.

ಅವರು ಗೆರೆ ಎಳೆದು ಮುಂದಿನ ಹಾಳೆ ತಿರುಗಿಸಿದರು. ಅವಳೊಬ್ಬಳಿಗೆ ಹೇಳಬೇಕಾಗಿದ್ದ ಮಾತು ಅದು.