ಸವತಿಯ ಹೆಸರು

ಎರಡು ಸಾವಿರದ ಇಸವಿ ದಾಟಿದ ಹೊಸತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೇರಿ ನಾಲ್ಕು ಊರು, ನಾಲ್ಕು ಕಂಪ್ಯೂಟರ್. ಫೋನ್ ಲೈನಿನಲ್ಲಿ ಒಂದಕ್ಕೊಂದು ಜೋಡಿಸಹೋದರೆ ಅರ್ಧಕ್ಕೇ ಕಡಿದುಹೋಗುತ್ತಿತ್ತು. ಪಡಿತರ ಪಟ್ಟಿಗಳಿಂದ ಸತ್ತವರ ಹೆಸರು ತೆಗೆಯುವ ಕೆಲಸ ನನ್ನದು. ಒಂದೂರಿನವರು ಇನ್ನೊಂದೂರಿನಲ್ಲಿ ಸತ್ತಿರುವುದೂ ಉಂಟು, ಆದರೆ ಎಲ್ಲ ಪಟ್ಟಿಗಳನ್ನೂ ಒಂದೆಡೆ ತರುವುದು ಆಗದ ಮಾತು. ಅದಕ್ಕೇ ಒಂದು ಉಪಾಯ ಹೂಡಿದೆ. ಒಂದೊಂದು ಊರಿನ ಮರಣ ದಾಖಲೆಯಿಂದ ಸತ್ತವರ ಹೆಸರು, ಗಂಡ ಅಥವಾ ತಂದೆಯ ಹೆಸರು, ಇಷ್ಟನ್ನೇ ಫ್ಲಾಪಿಗೆ ಇಳಿಸಿ, ಬಸ್ಸು ಹತ್ತಿ ಉಳಿದ ಊರುಗಳಿಗೆ ಒಯ್ಯುವುದು. ಅಲ್ಲಿಯ ಪಡಿತರ ಪಟ್ಟಿಯಲ್ಲಿ ಹೊಂದಿದ ಸಾಲುಗಳನ್ನಷ್ಟೇ ಅಳಿಸುವುದು. ವಯಸ್ಸು ಹೋಲಿಸಲಿಲ್ಲ, ಜನ ಬಾಯಿಗೆ ಬಂದದ್ದು ಬರೆಸಿದ್ದರು. ಸತ್ತ ಇಸವಿಯನ್ನೂ ನೋಡಲಿಲ್ಲ, ಹಳೆಯ ಪುಸ್ತಕಗಳಲ್ಲಿ ಮಸಿ ಮಾಸಿತ್ತು. ನನ್ನ ಜಾಣತನದ ಮೇಲೆ ನನಗೆ ಎಲ್ಲಿಲ್ಲದ ಹಮ್ಮು.

ಎರಡು ತಿಂಗಳ ಮೇಲೆ ಮುಂಡಗೋಡದ ಕಚೇರಿಗೆ ಪಾಳಾ ಹಳ್ಳಿ ಕಡೆಯ ವಿಧವೆಯೊಬ್ಬಳು ಬಂದಳು. ಒಂಟಿ ಜೀವ, ಕೂಲಿ ಮಾಡಿ ಉಣ್ಣುವಾಕೆ. ಅಕ್ಕಿ ನಿಂತುಹೋಗಿತ್ತು. ತೆರೆಯ ಮೇಲೆ ನೋಡಿದರೆ ಆಕೆಯ ಹೆಸರು, ಗಂಡನ ಹೆಸರು ಎರಡೂ ಹಳಿಯಾಳದ ಮರಣ ದಾಖಲೆಗೆ ಹೊಂದಿದ್ದವು.

“ಅವ್ವಾರ, ನೀವು ತೀರಿಕೊಂಡೀರಿ ಅಂತ ಐತಿ ಇದರಾಗ,” ಎಂದುಬಿಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಕೆ ಕೊರಳಿನ ದಾರ ಎಳೆದು ಸಣ್ಣ ಬೆಳ್ಳಿ ಬಿಲ್ಲೆ ತೋರಿಸಿದಳು. ಅದರ ಮೇಲೊಂದು ಹೆಣ್ಣಿನ ಮೂರ್ತಿ.

“ಸತ್ತಾಕಿ ಈಕಿರಿ, ನನ್ನ ಸವತಿ. ಹಡ್ಯಾಕ ಹೋದಾಕಿ ಹಳಿಯಾಳದಾಗ ತೀರಿದ್ಲು. ಆಮ್ಯಾಲೆ ನನ್ನ ಲಗ್ನ ಮಾಡ್ಕೊಂಡು ತಂದ್ರು. ಆಕಿ ಕಾಡಬಾರದು ಅಂತ ಇದನ್ನ ಕೊರಳಿಗೆ ಕಟ್ಟಿ, ಆಕಿ ಹೆಸರ ನನಗ ಇಟ್ರು.”

ನಾನು ಕೀಲಿಮಣೆ ಎಳೆದುಕೊಂಡೆ. “ನಿಮ್ಮ ತವರಿನ ಹೆಸರು ಹೇಳ್ರಿ, ಅದನ್ನ ಹಾಕ್ತೇನಿ. ಮತ್ತ ಹಿಂಗ ಆಗೂದಿಲ್ಲ.”

ಆಕೆ ಬಿಲ್ಲೆಯನ್ನು ಸೆರಗಿನೊಳಗೆ ಸೇರಿಸಿದಳು. “ಆ ಹೆಸರಿಲೆ ಕರ್ಯಾವರು ಯಾರೂ ಉಳಿದಿಲ್ರಿ. ಈ ಹೆಸರಿಗೇ ಅಕ್ಕಿ ಕೊಡ್ರಿ.”

ಅಳಿಸಿದ ಸಾಲನ್ನು ಹಾಗೆಯೇ ಮರಳಿ ಸೇರಿಸಿದೆ. ಆಕೆ ಅಕ್ಕಿಯ ಚೀಟಿ ಹಿಡಿದು ಹೋದಳು.

ಅಳಿಸಿದ ಉಳಿದ ಹೆಸರುಗಳ ಪಟ್ಟಿ ಮೇಜಿನ ಮೇಲಿತ್ತು. ಯಾರದೋ ಹೆಸರು ಹೊತ್ತು ಬಾಳಿದವರು ಅದರಲ್ಲಿ ಇನ್ನೆಷ್ಟು ಮಂದಿಯೋ! ಜೋಯಿಡಾದ ಕಾಡಿನ ಹಳ್ಳಿಯಿಂದ ಕಚೇರಿಯವರೆಗೆ ಬರಲಾಗದ ಯಾವ ಮುದುಕಿ ಏನು ಉಂಡಳೋ. ಮನೆಮನೆಗೆ ಹೋಗಿ ಕೇಳಬಹುದಿತ್ತು. ತಪ್ಪು ನನ್ನದೆಂದು ಒಪ್ಪಿಕೊಳ್ಳಬೇಕಾದೀತೆಂದು ಹೆದರಿದೆ. ಹೋಗಲಿಲ್ಲ.